ಗಾಜಿನ ಕಿಟಕಿಗೆ ಕೌದಿ ಕಟ್ಟಿ

ಪ್ರಶ್ನೆ: ಕುಳಗೇರಿ ಕ್ರಾಸ್‌ನ ನಮ್ಮ ಹೊಸ ಮನೆಯ ಹಾಲ್‌ನಲ್ಲಿ ದೊಡ್ಡ ಗಾಜಿನ ಕಿಟಕಿಗಳಿವೆ, ನೆಲಕ್ಕೆ ಇಳಕಲ್ ಗ್ರಾನೈಟ್. ಸ್ಟೀರಿಯೊದಲ್ಲಿ ಭೀಮಸೇನ ಜೋಶಿಯವರ ದನಿ ಕಿವಿಗೆ ಚುಚ್ಚುತ್ತದೆ. ಯಾಕೆ?

ಉತ್ತರ: ಸ್ಟೀರಿಯೊ ಬದಲಿಸುವ ಮುಂಚೆ ಕೋಣೆ ನೋಡಿ. ಗಾಜು, ಗ್ರಾನೈಟ್ ಎರಡೂ ತಾರದ ದನಿಯನ್ನು ಹೀರುವುದಿಲ್ಲ, ಹಾಗೇ ವಾಪಸ್ ಕಳಿಸುತ್ತವೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗಾಜಿಗೆ ಬಡಿದ ದನಿ 3.4 ಮೀಟರ್ ಹೆಚ್ಚು ಸುತ್ತಿ ಬಂದರೆ ಸೆಕೆಂಡಿನ ನೂರನೇ ಒಂದು ಪಾಲು ತಡ. ಅದು ಪ್ರತಿಧ್ವನಿಯಾಗಿ ಬೇರೆ ಕೇಳಿಸದು. ಮೂಲ ದನಿಯ ಮೇಲೇ ಬಿದ್ದು ಆಲಾಪದ ನಯ ಕೆಡಿಸುತ್ತದೆ.

ರಾತ್ರಿ ದೀಪ ಹಾಕಿ, ನೀವು ಕೂತು ಕೇಳುವ ಜಾಗದಿಂದ ಗಾಜು ನೋಡಿ. ಸ್ಪೀಕರಿನ ಬಿಂಬ ಎಲ್ಲಿ ಕಾಣುತ್ತದೋ ಅಲ್ಲಿಂದಲೇ ದನಿಯೂ ಪುಟಿಯುತ್ತಿದೆ. ಅಲ್ಲಿ ಅವ್ವ ಹೊಲಿದ ಕೌದಿ ಇಳಿಬಿಡಿ. ಪದರ ಪದರ ಹಳೆ ಸೀರೆಯ ಕೌದಿಯಷ್ಟು ಒಳ್ಳೆಯ ಪರದೆ ನಮ್ಮ ಸೀಮೆಯಲ್ಲಿ ಬೇರೆ ಇಲ್ಲ. ಗಾಜಿಗೆ ಅಂಟದಂತೆ ಅರ್ಧ ಗೇಣು ಬಿಡಿ: ಗಾಜಿಗೆ ತೀರ ಹತ್ತಿರ ಗಾಳಿ ಅಲ್ಲಾಡುವುದೇ ಕಡಿಮೆ, ಈಚೆಗೆ ಬಂದಂತೆ ಹೆಚ್ಚು ಅಲ್ಲಾಡುವ ಗಾಳಿ ನೂಲಿಗೆ ಉಜ್ಜಿ ದನಿ ಸೊರಗುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ.

ತಬಲಾದ ಬಾಯಾಂ ಗುಂಯ್‌ಗುಟ್ಟಿದರೆ ಮಾತ್ರ ಕೌದಿ ಸಾಲದು. ಸ್ಪೀಕರುಗಳನ್ನು ಮೂಲೆಯಿಂದ ಎರಡು-ಮೂರು ಅಡಿ ಈಚೆ ಎಳೆಯಬೇಕು.