ಸ್ಲ್ಯಾಬನ್ನು ತೂಗುವುದು ಹೇಗೆ?

2014ರ ಜೂನ್ 28ರ ಸಂಜೆ. ಚೆನ್ನೈಯ ಪೋರೂರು ಪಕ್ಕದ ಮೌಲಿವಾಕ್ಕಂನಲ್ಲಿ ಜೋರು ಮಳೆ. ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡವೊಂದು ಕುಸಿದು 61 ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಹೊಟ್ಟೆಪಾಡಿಗೆ ದೂರದ ಊರುಗಳಿಂದ ಬಂದ ಕೂಲಿ ಕಾರ್ಮಿಕರು. ಸಿಡಿಲು ಬಡಿದಿರಬೇಕು ಎಂಬ ಮಾತೂ ಕೇಳಿಬಂತು. ಆದರೆ ತನಿಖೆಯಲ್ಲಿ ಹೊರಬಂದದ್ದು ವಿನ್ಯಾಸದ ಲೋಪ: ಮೇಲಿನ ಭಾರ ಹೊರುವಷ್ಟು ಶಕ್ತಿ ಕಂಬಗಳಿಗೆ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಅದರ ಜೋಡಿ ಕಟ್ಟಡವನ್ನು 2016ರ ನವೆಂಬರ್ 2ರಂದು ಸ್ಫೋಟಕ ಇಟ್ಟು ಕೆಡವಿದರು.

ಆ ಭಾರ ಎಷ್ಟೆಂದು ಮೊದಲೇ ತಿಳಿಯುವುದು ಹೇಗೆ? ಸ್ಲ್ಯಾಬನ್ನು ಎತ್ತಿ ತಕ್ಕಡಿಯಲ್ಲಿ ಇಡಲಾಗದು. ಇಲ್ಲಿ ಕೆಲಸಕ್ಕೆ ಬರುವುದು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರವೇ: ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಸಣ್ಣ ತುಂಡೊಂದರ ಸಾಂದ್ರತೆ ಗೊತ್ತಾದರೆ ದೊಡ್ಡದನ್ನು ತೂಗಬೇಕಾಗಿಲ್ಲ, ಅಳೆದರೆ ಸಾಕು.

ಕಟ್ಟಡದ ಕೆಲಸ ನಡೆಯುವಲ್ಲಿ ಪರೀಕ್ಷೆಗೆಂದು ಕಾಂಕ್ರೀಟಿನ ಘನಗಳನ್ನು ಎರಕ ಹೊಯ್ಯುತ್ತಾರೆ, ನೋಡಿರಬಹುದು. ಪ್ರತಿ ಬದಿ 15 ಸೆಂಟಿಮೀಟರ್, ಅಂದರೆ 0.15 ಮೀಟರ್. ಗಾತ್ರ 0.15 × 0.15 × 0.15 = 0.003375 ಘನ ಮೀಟರ್. ತೂಗಿದಾಗ 8.1 ಕಿಲೋ ಬಂತೆನ್ನಿ. ಭಾಗಿಸಿ: ಘನ ಮೀಟರಿಗೆ 2400 ಕಿಲೋ. ಕಬ್ಬಿಣದ ಸರಳು ಸೇರಿದ ಕಾಂಕ್ರೀಟಿಗೆ ಇಂಜಿನಿಯರುಗಳು ಸಾಮಾನ್ಯವಾಗಿ 2500 ಎಂದು ಹಿಡಿಯುತ್ತಾರೆ.

ಜಲ್ಲಿಕಲ್ಲಿಗೆ ಅಡಿಕೋಲು ಹಿಡಿಯಲಾಗುವುದಿಲ್ಲ. ಅಳತೆಯ ಪಾತ್ರೆಯಲ್ಲಿ 500 ಮಿಲಿಲೀಟರ್ ನೀರಿಟ್ಟು, 540 ಗ್ರಾಮಿನ ಕಲ್ಲು ಮುಳುಗಿಸಿ. ನೀರು 700ಕ್ಕೆ ಏರಿದರೆ ಕಲ್ಲಿನ ಗಾತ್ರ 200, ಸಾಂದ್ರತೆ 2.7 ಗ್ರಾಂ. ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ರತ್ನಗಳನ್ನೂ ಲೋಹಗಳನ್ನೂ ಅಳೆದದ್ದು ಹೆಚ್ಚುಕಡಿಮೆ ಹೀಗೆಯೇ. ಉಕ್ಕಿದ ನೀರು ಹೊರಬರಲು ಸಣ್ಣ ನಳಿಕೆಯಿದ್ದ ಪಾತ್ರೆ ಅವರದು.

ಈಗ ನಿಮ್ಮ ಮನೆಗೆ ಬನ್ನಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆ, 15 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್. ಗಾತ್ರ 1.8 ಘನ ಮೀಟರ್, 2500ರಿಂದ ಗುಣಿಸಿದರೆ 4500 ಕಿಲೋ. ನಾಲ್ಕೂವರೆ ಟನ್! ದಪ್ಪವನ್ನು 0.15ರ ಬದಲು 0.015 ಎಂದು ಬರೆದಿರೋ, ಉತ್ತರ 450 ಕಿಲೋ ಆಗಿಬಿಡುತ್ತದೆ. ಪರೀಕ್ಷೆಯಲ್ಲಾದರೆ ಎರಡು ಅಂಕ ಹೋಗುತ್ತದೆ, ಅಷ್ಟೇ. ಇಂಥದೇ ಕೋಣೆ ಒಂದರ ಮೇಲೊಂದು 11 ಇದ್ದರೆ ಸ್ಲ್ಯಾಬುಗಳದ್ದೇ ಸುಮಾರು 50 ಟನ್. ಗೋಡೆ, ತೊಲೆ, ಸಾಮಾನು, ಮನುಷ್ಯರು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ನಮ್ಮ ಕರಾವಳಿಯಲ್ಲಿ ಮಗ ಗಲ್ಫಿನಿಂದ ದುಡ್ಡು ಕಳಿಸಿದ ಕೂಡಲೇ ಹಳೆ ಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತದೆ. ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕ್, ತುಂಬಿದರೆ ನೀರೇ ಒಂದು ಟನ್. ‘ಏನಾಗಲ್ಲ ಬಿಡಿ’ ಎನ್ನುವ ಮೇಸ್ತ್ರಿಯ ಧೈರ್ಯ ನನಗಂತೂ ಸಾಲದು. ಕೆಳಗಿನ ಗೋಡೆ, ಕಂಬ, ಪಾಯ ತಡೆಯುತ್ತದೋ ಇಲ್ಲವೋ ಹೇಳಬೇಕಾದವರು ಇಂಜಿನಿಯರ್. ಎಷ್ಟು ಟನ್ ಏರಿಸುತ್ತಿದ್ದೇವೆ ಎಂಬ ಲೆಕ್ಕವನ್ನು ಹೈಸ್ಕೂಲಿಗೆ ಹೋಗುವ ಮಗಳೂ ಹಾಕಬಲ್ಲಳು.

ಮುರಕಲ್ಲಿನ ಗೋಡೆಯಾದರೆ ಒಂದು ಕಲ್ಲನ್ನು ಒಣಗಿದ್ದಾಗ ಒಮ್ಮೆ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಇನ್ನೊಮ್ಮೆ ತೂಗಿ. ಅಳತೆ ಅದೇ ಇರುತ್ತದೆ, ತೂತುಗಳಲ್ಲಿ ನೀರು ಸೇರಿ ತೂಕ ಏರಿರುತ್ತದೆ. ಇಂಜಿನಿಯರಿಗೆ ಎರಡೂ ಅಂಕಿ ಕೊಡಿ.