ನಿಮಗಿದು ಗೊತ್ತೇ? ಬೆರಳ ತುದಿಯ ಒಂದು ಹನಿ

ಎಚ್‌ಐವಿ ಎಂದೊಡನೆ ದನಿ ತಗ್ಗಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಪರೀಕ್ಷೆ ಇದೆ, ಮಾತ್ರೆ ಇದೆ, ಕಾನೂನಿನ ಬಲವೂ ಇದೆ. ಅವು ಬೇಕಾದವರಿಗೆ ಮುಟ್ಟಬೇಕಾದರೆ ಮೊದಲು ಬಾಯಿಬಿಟ್ಟು ಮಾತಾಡಬೇಕು. ಈ ಸಲ ಅದೇ ಮಾತು.

● ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಅವುಗಳನ್ನು ತಮ್ಮ ಮನೆಯ ಫ್ರಿಜ್ಜಿನಲ್ಲೇ ಕಾಪಾಡಿ, ರಾತ್ರಿ ರೈಲು ಹತ್ತಿ ವೆಲ್ಲೂರಿಗೆ ಪರೀಕ್ಷೆಗೆ ಒಯ್ದರು.

● ಸರ್ಕಾರಿ ಆಸ್ಪತ್ರೆಯಲ್ಲಿ ‘ಐಸಿಟಿಸಿ’ ಎಂಬ ಫಲಕ ಕಂಡರೆ, ಅದೇ ಎಚ್‌ಐವಿ ಪರೀಕ್ಷೆಯ ಜಾಗ. ಹಣ ಕೊಡಬೇಕಿಲ್ಲ. ಸೂಜಿ ಚುಚ್ಚುವ ಮೊದಲೊಮ್ಮೆ, ಫಲಿತಾಂಶ ಕೊಡುವಾಗ ಇನ್ನೊಮ್ಮೆ ಆಪ್ತಸಮಾಲೋಚಕರು ನಿಮ್ಮೊಂದಿಗೆ ಕೂತು ಮಾತಾಡುತ್ತಾರೆ.

● ಒಂದೇ ಪರೀಕ್ಷೆ ನೋಡಿ ಯಾರಿಗೂ ‘ಪಾಸಿಟಿವ್’ ಎಂದು ಹೇಳುವುದಿಲ್ಲ. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ ಖಚಿತವಾದ ಮೇಲಷ್ಟೇ ಆ ಮಾತು.

● ತ್ವರಿತ ಪರೀಕ್ಷೆಯಲ್ಲಿ ಕಾಣುವುದು ವೈರಾಣುವಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ. ಅದು ಪರೀಕ್ಷೆಗೆ ಸಿಗುವಷ್ಟಾಗಲು ಕೆಲವು ವಾರ, ಕೆಲವರಲ್ಲಿ 3 ತಿಂಗಳೇ ಹಿಡಿಯುತ್ತದೆ. ಇದೇ ‘ವಿಂಡೋ ಪೀರಿಯಡ್’. ಆದ್ದರಿಂದ ಅನುಮಾನ ಪರಿಹರಿಸಿಕೊಳ್ಳಲೆಂದು ರಕ್ತದಾನ ಮಾಡಬೇಡಿ. ಐಸಿಟಿಸಿಗೆ ಹೋಗಿ.

● ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಸೊಳ್ಳೆಯ ದೇಹದಲ್ಲಿ ಈ ವೈರಾಣು ಬೆಳೆಯುವುದೇ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಅಪ್ಪಿಕೊಂಡರೂ, ಒಂದೇ ಬಚ್ಚಲು ಬಳಸಿದರೂ ಹರಡುವುದಿಲ್ಲ.

● ಸೋಂಕು ತಗುಲಿರಬಹುದಾದ ಸಂದರ್ಭ ಎದುರಾದರೆ 72 ಗಂಟೆಯೊಳಗೆ ಔಷಧಿ ಶುರುಮಾಡಿ 28 ದಿನ ತೆಗೆದುಕೊಂಡರೆ ಅದನ್ನು ತಡೆಯುವ ಸಾಧ್ಯತೆ ಹೆಚ್ಚು. ಇದಕ್ಕೆ ‘ಪೆಪ್’ ಎಂದು ಹೆಸರು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ, ಸೂಜಿ ಚುಚ್ಚಿಕೊಂಡ ನರ್ಸ್‌ಗೂ ಒಂದೊಂದು ಗಂಟೆಯೂ ಮುಖ್ಯ.

● ಏಪ್ರಿಲ್ 1, 2004ರಿಂದ ದೇಶದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ‘ಎಆರ್‌ಟಿ’ ಮಾತ್ರೆ ಉಚಿತ. ಮೊದಲು ರಕ್ತದಲ್ಲಿ ರೋಗನಿರೋಧಕ ಸಿಡಿ4 ಕಣಗಳ ಸಂಖ್ಯೆ ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಚಿಕಿತ್ಸೆ.

● ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ತಗ್ಗಿ, ಹಾಗೆಯೇ ಉಳಿದರೆ, ಆ ವ್ಯಕ್ತಿಯಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ದಾಟುವುದಿಲ್ಲ. ಎಷ್ಟೋ ದಂಪತಿಗಳ ಎದೆಯ ಭಾರ ಇಳಿಸಬಲ್ಲ ಸುದ್ದಿಯಿದು.

● ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹರಡುವ ಸಾಧ್ಯತೆ ಶೇಕಡಾ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಶೇಕಡಾ 5ಕ್ಕಿಂತ ಕಡಿಮೆ. ತಾಯಿಯ ಪ್ರತಿಕಾಯಗಳು ಕೂಸಿನ ಮೈಯಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಸಾಮಾನ್ಯ ಪರೀಕ್ಷೆ ನಂಬುವಂತಿಲ್ಲ. ಅದಕ್ಕೇ 6 ವಾರದ ಕೂಸಿನ ಹಿಮ್ಮಡಿಗೆ ಮೆಲ್ಲನೆ ಚುಚ್ಚಿ, ಕಾಗದದ ಕಾರ್ಡಿನ ಮೇಲೆ ಹನಿಗಳನ್ನು ಇಳಿಸಿ, ಒಣಗಿಸಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಹುಡುಕುವುದು ವೈರಾಣುವನ್ನೇ.

● ಲೈಂಗಿಕ ಸೋಂಕುಗಳಿಗೆ ಸರ್ಕಾರಿ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಬಣ್ಣದ ಕಿಟ್‌ಗಳಿವೆ: ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು. ಒಂದೊಂದು ಬಣ್ಣ ಒಂದೊಂದು ಬಗೆಯ ತೊಂದರೆಗೆ. ಬಹುತೇಕ ಇಂಥ ಸೋಂಕುಗಳಲ್ಲಿ ಸಂಗಾತಿಗೂ ಚಿಕಿತ್ಸೆ ಆಗಬೇಕು. ಇಲ್ಲವಾದರೆ ಅದೇ ಸೋಂಕು ಮರಳಿ ಬರುತ್ತದೆ.

● ‘ನಿರೋಧ್’ ಕಾಂಡೋಮ್ ಮಾರುಕಟ್ಟೆಗೆ ಬಂದದ್ದು 1968ರಲ್ಲಿ. ಹಳ್ಳಿಯ ಅಂಗಡಿಗೂ ಅದು ತಲುಪಲೆಂದು ಚಹಾ, ಸಾಬೂನು ಮಾರುವ ಕಂಪನಿಗಳ ಜಾಲವನ್ನೇ ಬಳಸಿಕೊಂಡರು.

● ಡಿಸೆಂಬರ್ 1, 2007ರಂದು ದೆಹಲಿಯಿಂದ ‘ರೆಡ್ ರಿಬ್ಬನ್ ಎಕ್ಸ್‌ಪ್ರೆಸ್’ ಹೊರಟಿತು. ಬೋಗಿಗಳಲ್ಲಿ ವಸ್ತುಪ್ರದರ್ಶನ, ಸಮಾಲೋಚನೆ. ರೈಲು ನಿಂತ ಊರಿನಿಂದ ಕಲಾವಿದರು ಸೈಕಲ್ ತುಳಿದು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದರು.

● ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017 ಜಾರಿಗೆ ಬಂದದ್ದು ಸೆಪ್ಟೆಂಬರ್ 10, 2018ರಂದು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ, ಸೋಂಕಿದೆಯೆಂದು ಮಗುವಿಗೆ ಶಾಲೆಯ ಬಾಗಿಲು ಮುಚ್ಚುವಂತಿಲ್ಲ. ಸೋಂಕಿತರ ವಿರುದ್ಧ ದ್ವೇಷ ಹಬ್ಬಿಸಿದರೆ 2 ವರ್ಷದವರೆಗೆ ಜೈಲು ಆಗಬಹುದು.

● ಏನೇ ಅನುಮಾನವಿದ್ದರೂ 1097ಕ್ಕೆ ಕರೆಮಾಡಿ. ಕರೆ ಉಚಿತ.

● ಕೋಲ್ಕತ್ತದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಲೈಂಗಿಕ ಕಾರ್ಯಕರ್ತೆಯರನ್ನೇ ಆರೋಗ್ಯ ಶಿಕ್ಷಕಿಯರನ್ನಾಗಿ ತಯಾರು ಮಾಡಿದರು. ನಮ್ಮ ಮೈಸೂರಿನ ಆಶೋದಯ ಸಮಿತಿಯನ್ನು ಕಟ್ಟಿ ನಡೆಸುತ್ತಿರುವವರೂ ಲೈಂಗಿಕ ಕಾರ್ಯಕರ್ತರೇ. ಅವರ ಕೆಲಸ ನೋಡಿ ಕಲಿಯಲು ಹೊರದೇಶದವರೂ ಮೈಸೂರಿಗೆ ಬಂದಿದ್ದಾರೆ.

● ಇಂಥ ಸಹವರ್ತಿಗಳನ್ನು ಕ್ಷೇತ್ರದಲ್ಲಿ ‘ಪಿಯರ್’ ಎಂದೇ ಕರೆಯುತ್ತಾರೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲೋ ಪಾರ್ಕಿನ ಕಲ್ಲುಬೆಂಚಿನ ಮೇಲೋ ಕೂತು, ಚೀಲದಿಂದ ಮರದ ಮಾದರಿ ತೆಗೆದು, ಕಾಂಡೋಮ್ ಹಾಕುವ ರೀತಿ ತೋರಿಸುತ್ತಾರೆ. ಪೊಟ್ಟಣದ ಅಂಚು ಹಿಡಿದು ಹರಿಯಬೇಕು, ತುದಿ ಒತ್ತಿ ಗಾಳಿ ತೆಗೆಯಬೇಕು, ಹಲ್ಲು, ಉಗುರು ತಾಗಿಸಬಾರದು. ಇಷ್ಟು ಹೇಳಿಕೊಟ್ಟ ಮೇಲೂ ಎದುರಿಗಿದ್ದವರು ಪರೀಕ್ಷೆಗೆ ಹಿಂಜರಿಯುತ್ತಾರೆ. ಆಗ ಪಿಯರ್ ಎದ್ದು ನಿಂತು ಹೇಳುವ ಮಾತು ಒಂದೇ: ‘ನಡಿ ಅಕ್ಕ, ನಾನೂ ಬರ್ತೀನಿ.’