ಬಿರುಗಾಳಿ ಬಂದರೆ ಕಂತು ಕಟ್ಟಬೇಕಿಲ್ಲ

2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ಕೂಡಲೇ ಊರಿಗೆ ಹೊರಡಲಾಗಲಿಲ್ಲ. ಬೆರಿಲ್ ಎಂಬ ಚಂಡಮಾರುತ ಬರುತ್ತಿದೆಯೆಂದು ವಿಮಾನ ನಿಲ್ದಾಣ ಮುಚ್ಚಿತ್ತು. ಕೋಚ್ ರಾಹುಲ್ ದ್ರಾವಿಡ್ ಸಮೇತ ಇಡೀ ತಂಡ ಹೋಟೆಲಿನಲ್ಲೇ ಉಳಿಯಿತು. ನಮ್ಮಲ್ಲಿ ಬೆರಿಲ್ ಸುದ್ದಿಯಾದದ್ದು ಹೆಚ್ಚುಕಡಿಮೆ ಅಷ್ಟಕ್ಕೇ. ಬಾರ್ಬಡೋಸ್ ಬಚಾವಾಯಿತು. ಜುಲೈ 1ರಂದು ಆ ಮಾರುತ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪಕ್ಕೆ ಬಡಿಯಿತು. ಅರ್ಧ ಗಂಟೆಯಲ್ಲಿ ದ್ವೀಪ ನೆಲಸಮವಾಯಿತೆಂದು ಪ್ರಧಾನಿ ಡಿಕನ್ ಮಿಚೆಲ್ ಹೇಳಿದರು. ಮರುದಿನ ಬೆರಿಲ್ ಐದನೇ ದರ್ಜೆಗೆ ಏರಿತು. ವರ್ಷದಲ್ಲಿ ಅಷ್ಟು ಬೇಗ ಆ ದರ್ಜೆ ಮುಟ್ಟಿದ ಅಟ್ಲಾಂಟಿಕ್ ಮಾರುತ ದಾಖಲೆಯಲ್ಲಿ ಬೇರೊಂದಿಲ್ಲ. ಕ್ರಿಕೆಟ್ ಸುದ್ದಿಯಲ್ಲೂ ಚಂಡಮಾರುತದ ಸುದ್ದಿಯಲ್ಲೂ ಬಾರದೆ ಹೋದ ಮೂರನೆಯ ಸಂಗತಿಯೊಂದು ಆಗಸ್ಟ್‌ನಲ್ಲಿ ನಡೆಯಿತು. ಈ ವರ್ಷದ ಕಂತು ಕಟ್ಟುವುದಿಲ್ಲ ಎಂದು ಗ್ರೆನಡಾ ಸರ್ಕಾರ ತನಗೆ ಸಾಲ ಕೊಟ್ಟ ವಿದೇಶಿಯರಿಗೆ ತಿಳಿಸಿತು. ಯಾರೂ ತಕರಾರು ಮಾಡಲಿಲ್ಲ, ಕೋರ್ಟಿಗೆ ಹೋಗಲಿಲ್ಲ, ಗ್ರೆನಡಾವನ್ನು ಸುಸ್ತಿದಾರ ಎಂದು ಘೋಷಿಸಲಿಲ್ಲ. ಹವಾಮಾನ ಬದಲಾವಣೆ, ಆರ್ಥಿಕತೆ, ಭದ್ರತೆ ಈ ಮೂರನ್ನೂ ಒಟ್ಟಿಗೆ ಹಿಡಿಯಬಲ್ಲ ಅಂತರರಾಷ್ಟ್ರೀಯ ಸಹಕಾರ ಹೇಗಿರಬೇಕು ಎಂದು ಕೇಳಿದರೆ, ನೂರಾರು ಪುಟಗಳ ಶೃಂಗಸಭೆ ಘೋಷಣೆಗಳಿಗಿಂತ ಈ ಪುಟ್ಟ ಘಟನೆಯತ್ತ ಬೆರಳು ತೋರಿಸುವುದೇ ಸರಿ ಅನ್ನಿಸುತ್ತದೆ.

ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಗ್ರೆನಡಾದ ಜನಸಂಖ್ಯೆ ಒಂದು ಲಕ್ಷದ ಮೇಲೆ ಚಿಲ್ಲರೆ, ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ಜಾಯಿಕಾಯಿಗೆ ಹೆಸರಾದ ನಾಡು. ಬಾವುಟದ ಮೇಲೂ ಜಾಯಿಕಾಯಿಯ ಚಿತ್ರವಿದೆ, ಇಂಡೋನೇಷ್ಯಾ ಬಿಟ್ಟರೆ ಅತಿ ಹೆಚ್ಚು ಬೆಳೆಯುತ್ತಿದ್ದುದು ಇಲ್ಲೇ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಎಂಬ ಚಂಡಮಾರುತ ಬಂದು ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿ ಮಾಡಿತು, ಜಾಯಿಕಾಯಿ ತೋಟಗಳನ್ನು ಮಲಗಿಸಿತು. ಶಿರಸಿ, ಪುತ್ತೂರಿನ ಅಡಿಕೆ ತೋಟಗಳಲ್ಲಿ ಜಾಯಿಕಾಯಿ ಹಾಕಿದವರಿಗೆ ಇದರ ಅರ್ಥ ಗೊತ್ತು: ನೆಟ್ಟ ಗಿಡ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು, ಪೂರ್ತಿ ಇಳುವರಿಗೆ ಇನ್ನೂ ಅಷ್ಟೇ. ಒಟ್ಟು ನಷ್ಟ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಎರಡು ಪಟ್ಟು. ಆದರೆ ಸಾಲದ ಕಂತಿನ ತಾರೀಖು ಮಾತ್ರ ಇದ್ದಲ್ಲೇ ಇತ್ತು. ಗ್ರೆನಡಾ ಸುಸ್ತಿಯಾಯಿತು, ಸಾಲ ಕೊಟ್ಟವರ ಜೊತೆ ಮಾತುಕತೆ ಮುಗಿಯಲು ವರ್ಷದ ಮೇಲೆ ಹಿಡಿಯಿತು. ಮುರಿದ ಬೆನ್ನು ಸರಿಯಾಗಲಿಲ್ಲ, 2013ರಲ್ಲಿ ಮತ್ತೆ ಸುಸ್ತಿ. ಐವನ್ ಬಂದಾಗ ಪ್ರಧಾನಿಯಾಗಿದ್ದ ಕೀತ್ ಮಿಚೆಲ್ ಅವರೇ ಎರಡನೇ ಸಲದ ಮಾತುಕತೆಗೂ ಕೂತರು. ಒಂದೇ ಹೊಂಡಕ್ಕೆ ಎರಡು ಸಲ ಬಿದ್ದ ಅನುಭವದ ಫಲವೋ ಏನೋ, 2015ರಲ್ಲಿ ಹಳೆ ಬಾಂಡ್‌ಗಳಿಗೆ ಬದಲಾಗಿ ಹೊಸವನ್ನು ಕೊಡುವಾಗ ಗ್ರೆನಡಾ ಒಂದು ಷರತ್ತು ಹಾಕಿತು: ನಿಗದಿತ ಪ್ರಮಾಣ ಮೀರಿದ ಚಂಡಮಾರುತ ಬಡಿದರೆ ಕಂತನ್ನು ಮುಂದೂಡುವ ಹಕ್ಕು ನಮ್ಮದು.

ಈ ಷರತ್ತನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಜಾಣತನವೆಲ್ಲ ವಿವರದಲ್ಲಿದೆ. ನಷ್ಟ ಎಷ್ಟಾಯಿತೆಂದು ಹೇಳುವವರು ಗ್ರೆನಡಾದವರೂ ಅಲ್ಲ, ಸಾಲ ಕೊಟ್ಟವರೂ ಅಲ್ಲ. ಸಿಸಿಆರ್‌ಐಎಫ್ ಎಂಬ ಮೂರನೆಯ ಸಂಸ್ಥೆ. ಐವನ್ ಕಲಿಸಿದ ಪಾಠದಿಂದ 2007ರಲ್ಲಿ ಹುಟ್ಟಿದ, ಕೆರಿಬಿಯನ್ ದೇಶಗಳು ಸೇರಿ ವಿಶ್ವಬ್ಯಾಂಕ್, ಜಪಾನ್ ಮೊದಲಾದವರ ನೆರವಿನಿಂದ ಕಟ್ಟಿದ ವಿಮಾ ನಿಧಿ ಅದು. ಬಿದ್ದ ಮನೆಗಳನ್ನು ಎಣಿಸಲು ಅದು ಯಾರನ್ನೂ ಕಳಿಸುವುದಿಲ್ಲ. ಗಾಳಿಯ ವೇಗ, ಸಾಗಿದ ದಾರಿ, ಆ ದಾರಿಯಲ್ಲಿರುವ ಆಸ್ತಿಪಾಸ್ತಿ ಇವಿಷ್ಟನ್ನು ಗಣಕಕ್ಕೆ ಕೊಟ್ಟು ನಷ್ಟ ಅಂದಾಜು ಮಾಡುತ್ತದೆ, ಎರಡು ವಾರದೊಳಗೆ ವಿಮೆಯ ಹಣ ಕೊಡುತ್ತದೆ. ಬೆರಿಲ್ ನಂತರ ಗ್ರೆನಡಾಕ್ಕೆ ಹೀಗೆ ಸಿಕ್ಕಿದ್ದು ಸುಮಾರು 4.4 ಕೋಟಿ ಡಾಲರ್. ಅದೇ ಲೆಕ್ಕಾಚಾರ ಬಾಂಡಿನ ಷರತ್ತಿಗೂ ಕೀಲಿಕೈ: ಅಂದಾಜು ನಷ್ಟ 1.5 ಕೋಟಿ ಡಾಲರ್ ದಾಟಿದರೆ ಒಂದು ಕಂತು, 3 ಕೋಟಿ ದಾಟಿದರೆ ಎರಡು ಕಂತು ಮುಂದಕ್ಕೆ. ನವೆಂಬರ್‌ನಲ್ಲಿ ಕಟ್ಟಬೇಕಿದ್ದ ಸುಮಾರು 1.25 ಕೋಟಿ ಡಾಲರ್ ಹೀಗೆ ದೇಶದಲ್ಲೇ ಉಳಿಯಿತು. ಚಾವಣಿಯ ತಗಡು, ಕುಡಿಯುವ ನೀರು, ಶಾಲೆಯ ಗೋಡೆಗೆ ಬೇಕಾದದ್ದು ಆ ವರ್ಷದ ದುಡ್ಡೇ. ಖಾಸಗಿ ಹೂಡಿಕೆದಾರರ ಕೈಲಿದ್ದ ಬಾಂಡೊಂದರ ಇಂಥ ಷರತ್ತು ಜಗತ್ತಿನಲ್ಲಿ ಚಾಲೂ ಆದದ್ದು ಅದೇ ಮೊದಲು.

ಈಗ ಇದರ ಪಕ್ಕದಲ್ಲಿ ದೊಡ್ಡ ಸಭೆಗಳ ಲೆಕ್ಕ ಇಡೋಣ. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಶೃಂಗಸಭೆಯಲ್ಲಿ ಶ್ರೀಮಂತ ದೇಶಗಳು ಬಡದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟವು. ಅವುಗಳದ್ದೇ ಕೂಟವಾದ ಒಇಸಿಡಿ ಲೆಕ್ಕದ ಪ್ರಕಾರ ಆ ಗುರಿ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಸರ್ಕಾರಿ ಹಣದ ಹೆಚ್ಚಿನ ಪಾಲು ಸಾಲ. 2022ರಲ್ಲಿ ಶರ್ಮ್ ಎಲ್ ಶೇಖ್‌ನಲ್ಲಿ ‘ನಷ್ಟ ಮತ್ತು ಹಾನಿ’ ನಿಧಿಗೆ ಒಪ್ಪಿಗೆ ಸಿಕ್ಕಾಗ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಮೊದಲೆರಡು ವರ್ಷಗಳಲ್ಲಿ ಬಂದ ವಾಗ್ದಾನ 100 ಕೋಟಿ ಡಾಲರನ್ನೂ ತಲುಪಲಿಲ್ಲ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅಧ್ಯಕ್ಷರು ಬದಲಾದ ದಿನವೇ ಪ್ಯಾರಿಸ್ ಒಪ್ಪಂದದಿಂದ ಹೊರಬರುವ ಆದೇಶಕ್ಕೆ ಸಹಿಯಾಯಿತು, ನಷ್ಟ ನಿಧಿಯ ಮಂಡಳಿಯನ್ನೂ ಆ ದೇಶ ಬಿಟ್ಟಿತು. ವಾಗ್ದಾನದ ಹಣೆಬರಹವೇ ಅದು, ಮುಂದಿನ ಚುನಾವಣೆಯವರೆಗೆ ಬಾಳಿದರೆ ಹೆಚ್ಚು. ಸಾಲಪತ್ರದ ಷರತ್ತು ಹಾಗಲ್ಲ. ಅದು ಕೋರ್ಟಿನಲ್ಲಿ ನಿಲ್ಲುವ ಕಾಗದ, ವಾಷಿಂಗ್ಟನ್‌ನಲ್ಲಿ ಯಾರು ಗೆದ್ದರೂ ಅದರ ಒಂದಕ್ಷರ ಅಲುಗುವುದಿಲ್ಲ. ನನ್ನ ವಾದ ಇಷ್ಟೇ: ವಿಪತ್ತು ಬಂದ ಮೇಲೆ ಕೈಚಾಚಿ ಪಡೆಯುವ ನೆರವಿಗಿಂತ, ಬರುವ ಮೊದಲೇ ಒಪ್ಪಂದದಲ್ಲಿ ಬರೆದಿಟ್ಟ ಸಹಕಾರವೇ ಕೈಗೆ ಸಿಗುವಂಥದ್ದು.

ಇದನ್ನು ಹವಾಮಾನದ ಪ್ರಶ್ನೆ ಎಂದಷ್ಟೇ ನೋಡಿದರೆ ಅರ್ಧ ತಿಳಿದಂತೆ. ಆರೋಗ್ಯ ಅಥವಾ ಶಿಕ್ಷಣಕ್ಕಿಂತ ಬಡ್ಡಿಗೇ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ 330 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆ ಉಂಕ್ಟಾಡ್ ಹೇಳುತ್ತದೆ. ಅಂಥ ದೇಶಕ್ಕೆ ನೆರೆಯೋ ಮಾರುತವೋ ಬಡಿದಾಗ ಆದಾಯ ಕುಸಿಯುತ್ತದೆ, ಖರ್ಚು ಏರುತ್ತದೆ, ಆಗ ತಂದ ಸಾಲಕ್ಕೆ ಬಡ್ಡಿ ದುಬಾರಿಯಾಗುತ್ತದೆ. ಮುಂದಿನ ಮಾರುತದ ಹೊತ್ತಿಗೆ ತಡೆಗೋಡೆ ಕಟ್ಟಲು ಹಣವಿರುವುದಿಲ್ಲ. ಪಾಕಿಸ್ತಾನವನ್ನೇ ನೋಡಿ. 2022ರ ನೆರೆಯಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು, ಹಾನಿ ಮತ್ತು ನಷ್ಟ ಸೇರಿ 3,000 ಕೋಟಿ ಡಾಲರ್. ಮುಂದಿನ ಜನವರಿಯಲ್ಲಿ ಜಿನೀವಾದಲ್ಲಿ ಸಭೆ ಸೇರಿ 900 ಕೋಟಿ ಡಾಲರ್‌ಗೂ ಹೆಚ್ಚಿನ ಭರವಸೆ ಕೊಟ್ಟರು, ಬಹುಪಾಲು ಸಾಲದ ರೂಪದಲ್ಲಿ. ಅದೇ ವರ್ಷ ಆ ದೇಶ ಸುಸ್ತಿಯ ಅಂಚಿಗೆ ಹೋಗಿ ಐಎಂಎಫ್ ಹಗ್ಗ ಹಿಡಿದು ಮೇಲೆ ಬಂತು.

ನೆರೆಯವನ ಬೊಕ್ಕಸ ಬರಿದಾದರೆ ನಮಗೇನು ಎನ್ನುವವರಿದ್ದಾರೆ, ಪಾಕಿಸ್ತಾನದ ವಿಷಯದಲ್ಲಂತೂ ಇನ್ನೂ ಜೋರಾಗಿ. ಅಣ್ವಸ್ತ್ರವಿರುವ ದೇಶವೊಂದು ಸೈನಿಕರ ಸಂಬಳಕ್ಕೂ ತಡಕಾಡುವ ಸ್ಥಿತಿ ತಲುಪುವುದರಿಂದ ದೆಹಲಿಗೆ ಏನು ಲಾಭವೆಂದು ಅವರೇ ಹೇಳಬೇಕು. ಶ್ರೀಲಂಕಾದ 2022ರ ಕುಸಿತಕ್ಕೆ ಹವಾಮಾನ ಕಾರಣವಲ್ಲ, ನಿಜ; ತೆರಿಗೆ ಕಡಿತ, ರಸಗೊಬ್ಬರ ನಿಷೇಧದಂಥ ಸ್ವಂತ ಎಡವಟ್ಟುಗಳೇ ಸಾಕಷ್ಟಿದ್ದವು. ಆದರೆ ದಿವಾಳಿಯಾದ ನೆರೆ ಹೇಗಿರುತ್ತದೆಂದು ಅಲ್ಲಿ ಕಂಡಿದ್ದೇವೆ: ಅಧ್ಯಕ್ಷರ ಮನೆಗೆ ಜನ ನುಗ್ಗಿದರು, ದೋಣಿ ಹತ್ತಿದ ಕುಟುಂಬಗಳು ಧನುಷ್ಕೋಡಿ ಕಡಲತೀರದಲ್ಲಿ ಇಳಿದವು, ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರ್ ನೆರವಿನ ಏರ್ಪಾಡು ಮಾಡಬೇಕಾಯಿತು. ಅದಕ್ಕೂ ಮೊದಲು, 2017ರಲ್ಲಿ, ಡಾಲರ್ ಕೊರತೆಯ ಒತ್ತಡದಲ್ಲೇ ಹಂಬಂತೋಟ ಬಂದರು 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಯ ಪಾಲಾಗಿತ್ತು. ಭದ್ರತೆಯನ್ನು ಗಡಿಯ ಕಾವಲಿನಲ್ಲಷ್ಟೇ ಹುಡುಕುವವರು ಈ ಲೆಕ್ಕಪುಸ್ತಕದ ಕಡೆಗೂ ಕಣ್ಣು ಹಾಯಿಸಬೇಕು.

ಆಕ್ಷೇಪಗಳು ಹಗುರವಾದವೇನಲ್ಲ. ಹೀಗೆ ಕಂತು ತಪ್ಪಿಸಲು ದಾರಿಯಿದ್ದರೆ ಸಾಲ ಕೊಡುವವರು ಬಡ್ಡಿ ಏರಿಸುವುದಿಲ್ಲವೇ? ಆಳುವವರು ಬೇಜವಾಬ್ದಾರಿಗಳಾಗುವುದಿಲ್ಲವೇ? ಮೊದಲನೆಯದಕ್ಕೆ ಉತ್ತರ ಷರತ್ತಿನೊಳಗೇ ಇದೆ. ಮುಂದೂಡಿದ ಹಣ ಮನ್ನಾ ಆಗುವುದಿಲ್ಲ. ಸಾಲಕ್ಕೆ ಸೇರಿ, ಅದಕ್ಕೂ ಬಡ್ಡಿ ಹತ್ತಿ, ಆಮೇಲೆ ವಸೂಲಾಗುತ್ತದೆ. ಷರತ್ತಿಲ್ಲದ ದೇಶ ಸುಸ್ತಿಯಾದರೆ ವರ್ಷಗಟ್ಟಲೆ ಚೌಕಾಸಿ, ಕೊನೆಗೆ ಅಸಲಿನಲ್ಲೇ ಕಡಿತ. ಇವೆರಡರಲ್ಲಿ ಯಾವುದು ಲಾಭವೆಂದು ಲೇವಾದೇವಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡನೆಯ ಆಕ್ಷೇಪಕ್ಕೆ ನಮ್ಮ ಹಳ್ಳಿಯ ಬ್ಯಾಂಕುಗಳಲ್ಲೇ ಉತ್ತರವಿದೆ. ರಾಜ್ಯ ಸರ್ಕಾರ ವಿಪತ್ತು ಘೋಷಿಸಿ, ಬೆಳೆ ನಷ್ಟ ಶೇ 33 ಮುಟ್ಟಿದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಿ ಮರುಪಾವತಿಗೆ ಎರಡು ವರ್ಷದವರೆಗೆ, ನಷ್ಟ ಅರ್ಧ ಮುಟ್ಟಿದರೆ ಐದು ವರ್ಷದವರೆಗೆ ಕಾಲಾವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಹೇಳಿತ್ತು. ಕಂತು ಮುಂದೂಡಲಿ ಎಂದು ಯಾವ ರೈತನೂ ಬರವನ್ನು ಕರೆದು ತರಲಿಲ್ಲ. ಮಾರುತವನ್ನು ಕರೆಯುವುದು ಯಾವ ಪ್ರಧಾನಿಯ ಕೈಲೂ ಇಲ್ಲ. ನೈತಿಕ ಅಪಾಯವೆಂಬುದು ಇರುವುದೇ ಆದರೆ ಅದು ಮನ್ನಾದಲ್ಲಿ ಇರಬಹುದು, ಮುಂದೂಡಿಕೆಯಲ್ಲಿ ಅದಕ್ಕೆ ಜಾಗ ಕಡಿಮೆ. ನಮ್ಮ ವ್ಯವಸ್ಥೆಯ ದೋಷ ಬೇರೆಡೆ ಇದೆ: ಘೋಷಣೆಗೇ ತಿಂಗಳುಗಳು ಹಿಡಿಯುತ್ತವೆ, ನಷ್ಟ ಎಷ್ಟೆಂಬ ಜಗಳಕ್ಕೆ ಕೊನೆಯಿಲ್ಲ. ಗಾಳಿಯ ವೇಗಕ್ಕೆ ಜೋಡಿಸಿದ ಷರತ್ತಿನಲ್ಲಿ ಆ ಜಗಳವಿಲ್ಲ.

ಆದರೆ ಅದೇ ಯಾಂತ್ರಿಕತೆ ಕೈಕೊಡುವುದೂ ಉಂಟು. ಗ್ರೆನಡಾದ ಬಳಿಕ ಬೆರಿಲ್ ಜಮೈಕಾದ ದಕ್ಷಿಣ ತೀರವನ್ನು ಸವರಿಕೊಂಡು ಹೋಯಿತು. ಜಮೈಕಾ ವಿಶ್ವಬ್ಯಾಂಕಿನ ಮೂಲಕ 15 ಕೋಟಿ ಡಾಲರ್‌ನ ವಿಪತ್ತು ಬಾಂಡ್ ಹೊಂದಿತ್ತು. ಮಾರುತದ ಕೇಂದ್ರದ ವಾಯುಭಾರ ಒಪ್ಪಂದದಲ್ಲಿ ಹೇಳಿದ್ದಷ್ಟು ಇಳಿಯಲಿಲ್ಲವೆಂದು ಬಿಡಿಗಾಸೂ ಸಿಗಲಿಲ್ಲ, ಚಾವಣಿ ಹಾರಿಹೋದವರಿಗೆ ವಾಯುಭಾರದ ಲೆಕ್ಕ ಕಟ್ಟಿಕೊಂಡು ಏನಾಗಬೇಕು? 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಎಂಬ ಚಂಡಮಾರುತ ಐದನೇ ದರ್ಜೆಯ ಬಲದಲ್ಲಿ ಜಮೈಕಾಕ್ಕೆ ಅಪ್ಪಳಿಸಿದಾಗ ಪೂರ್ತಿ 15 ಕೋಟಿ ಬಂತು. ಆಸ್ತಿಹಾನಿ ಸುಮಾರು 880 ಕೋಟಿ ಡಾಲರ್, ವಾರ್ಷಿಕ ಉತ್ಪನ್ನದ ಶೇ 40ರಷ್ಟು. ಹಾಗಾಗಿ ಇಂಥ ಏರ್ಪಾಡುಗಳು ಮೊದಲ ಕೆಲವು ತಿಂಗಳ ಉಸಿರಾಟಕ್ಕೆ ಸಾಕು, ಮರುನಿರ್ಮಾಣಕ್ಕೆ ಸಾಕಾಗುವುದಿಲ್ಲ. ನಷ್ಟ ನಿಧಿಯ ಅಗತ್ಯವನ್ನು ಇವು ತೆಗೆದುಹಾಕುವುದಿಲ್ಲ. ಇಂಗಾಲ ಉಗುಳಿದವರು ಬೇರೆ, ಕಂತು ಮುಂದೂಡಿಕೊಂಡು ಬಡ್ಡಿ ಸಮೇತ ಕಟ್ಟುವವರು ಬೇರೆ ಎಂಬ ಅನ್ಯಾಯ ಹಾಗೆಯೇ ಉಳಿಯುತ್ತದೆ, ಅದಕ್ಕೆ ಯಾವ ಷರತ್ತಿನಲ್ಲೂ ಮದ್ದಿಲ್ಲ. ಆದರೂ, ನ್ಯಾಯ ಸಿಗುವವರೆಗೆ ಕಂತನ್ನಾದರೂ ನಿಲ್ಲಿಸಿ ಎನ್ನುವುದು ಸಣ್ಣ ಬೇಡಿಕೆಯಲ್ಲ. ಬಾರ್ಬಡೋಸ್ ಪ್ರಧಾನಿ ಮಿಯಾ ಮೋಟ್ಲಿ 2018ರಿಂದಾಚೆ ತಮ್ಮ ದೇಶದ ಬಾಂಡ್‌ಗಳಲ್ಲಿ ಇಂಥ ಷರತ್ತನ್ನು ಬರೆಸಿ, 2022ರಲ್ಲಿ ಬ್ರಿಜ್‌ಟೌನ್ ಉಪಕ್ರಮದ ಹೆಸರಿನಲ್ಲಿ ಜಗತ್ತಿನ ಮುಂದಿಟ್ಟರು. ಮರುವರ್ಷ ವಿಶ್ವಬ್ಯಾಂಕೇ ಸಣ್ಣ ದೇಶಗಳ ಸಾಲಗಳಿಗೆ ಇದನ್ನು ಒಪ್ಪಿತು.

ಭಾರತ ಈಗ ಸಾಲ ಪಡೆಯುವ ದೇಶ ಮಾತ್ರವಲ್ಲ, ಕೊಡುವ ದೇಶವೂ ಹೌದು. ಶ್ರೀಲಂಕಾದ ಸಾಲ ಮರುಹೊಂದಾಣಿಕೆಗೆ ಸಾಲ ಕೊಟ್ಟ ದೇಶಗಳು ಸಮಿತಿ ಮಾಡಿಕೊಂಡಾಗ ಜಪಾನ್, ಫ್ರಾನ್ಸ್ ಜೊತೆ ಸಹ ಅಧ್ಯಕ್ಷತೆ ವಹಿಸಿದ್ದು ಭಾರತ. ಖಾಸಗಿಯವರ ಬಾಂಡ್‌ಗಳು 2024ರ ಡಿಸೆಂಬರ್‌ನಲ್ಲಿ ಬದಲಾದಾಗ ಪಾವತಿಯನ್ನು ಜಿಡಿಪಿಯ ಏರಿಳಿತಕ್ಕೆ ಜೋಡಿಸಲಾಯಿತು. ವರ್ಷ ತುಂಬುವ ಮೊದಲೇ ದಿತ್ವಾ ಚಂಡಮಾರುತ ಬಂದು 600ಕ್ಕೂ ಹೆಚ್ಚು ಜನರನ್ನು ಕೊಂದಿತು, ಕೊಲಂಬೊ ಮತ್ತೆ ಐಎಂಎಫ್ ಬಾಗಿಲಿಗೆ ಹೋಗಿ ಸುಮಾರು 20 ಕೋಟಿ ಡಾಲರ್ ತುರ್ತು ಸಾಲ ತಂದಿತು. ಭಾರತ ಹಡಗು, ಹೆಲಿಕಾಪ್ಟರ್ ಕಳಿಸಿತು, ಒಳ್ಳೆಯದೇ. ನಮ್ಮ ಎಕ್ಸಿಮ್ ಬ್ಯಾಂಕಿನ ಸಾಲ ಪಡೆದ ದೇಶಗಳಲ್ಲಿ ಮಾಲ್ಡೀವ್ಸ್, ಬಾಂಗ್ಲಾದೇಶ, ಮೊಜಾಂಬಿಕ್‌ಗಳಿವೆ, ಮೂರೂ ಕಡಲಿನ ಕೋಪ ಕಂಡವು. ಅವುಗಳಿಗೆ ಕೊಡುವ ಮುಂದಿನ ಸಾಲದ ಕರಾರಿಗೆ ಗ್ರೆನಡಾದಂಥ ಒಂದು ಕಲಂ ಸೇರಿಸಲು ವಿಶ್ವಸಂಸ್ಥೆಯ ಅಪ್ಪಣೆ ಬೇಕಿಲ್ಲ, ಸುಮಾರು 200 ದೇಶಗಳ ಒಮ್ಮತವೂ ಬೇಕಿಲ್ಲ. ದೆಹಲಿಯ ಹಣಕಾಸು ಸಚಿವಾಲಯ ಮನಸ್ಸು ಮಾಡಿದರೆ ಸಾಕು.